ಎಡೆಯ ಉಪ್ಪು

ಉಪ್ಪಿಗೆ ವಾಸನೆ ಇಲ್ಲ. ನಾನು ಗೆದ್ದ ಮೊದಲ ವಾದ ಇದು, ಗೆದ್ದದ್ದು ನನ್ನ ತಾತನ ಮೇಲೆ. ಆಮೇಲೆ ಶಾಲೆಯಲ್ಲಿ, ಕಾಲೇಜಿನಲ್ಲಿ, ಊರೂರಿನ ಚರ್ಚಾಸ್ಪರ್ಧೆಗಳಲ್ಲಿ ಮೈಕಿನ ಮುಂದೆ ನಿಂತು ಒಂದೇ ವಿಷಯಕ್ಕೆ ಬೆಳಿಗ್ಗೆ ಪರವಾಗಿಯೂ ಮಧ್ಯಾಹ್ನ ವಿರೋಧವಾಗಿಯೂ ವಾದಿಸಿದ್ದೇನೆ. ಗೆದ್ದ ಕಪ್ಪುಗಳು ಅಟ್ಟದ ಮೇಲೆ ಅಮ್ಮನ ಹಳೆ ಪಾತ್ರೆಗಳ ಜೊತೆ ಧೂಳು ಹಿಡಿದು ಕೂತಿವೆ. ಆದರೂ ಯಾರಾದರೂ, ಇಷ್ಟೊಂದು ಅನುಮಾನ ನಿನಗೆ ಎಲ್ಲಿಂದ ಬಂತು ಎಂದು ಕೇಳಿದರೆ ನೆನಪಾಗುವುದು ವೇದಿಕೆಗಳಲ್ಲ. ಬೊಮ್ಮಸಂದ್ರದ ನಮ್ಮ ಮನೆಯ ಹಿತ್ತಲು, ಅಲ್ಲಿ ಹೊಗೆಯ ಕಡೆಗೇ ಮುಖ ಮಾಡಿ ಕೂತ ತಾತ.

ನಮ್ಮ ಮನೆಯ ಮುಂಭಾಗ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುತ್ತಿರಲಿಲ್ಲ. ರಾಗಿ ಹೊಲ ಕಾರ್ಖಾನೆಗಳಿಗೆ ಹೋದ ಮೇಲೆ ಜಗಲಿ ಒಡೆದು ಅಂಗಡಿಯಾಯಿತು, ದನದ ಕೊಟ್ಟಿಗೆ ಸಾಲಾಗಿ ನಾಲ್ಕಾರು ಬಾಡಿಗೆ ಕೋಣೆಯಾಯಿತು, ಕೋಣೆಗಳ ಮೇಲೆ ಮಹಡಿ ಎದ್ದಿತು. ಶಿಫ್ಟಿಗೆ ಹೋಗುವವರು, ಶಿಫ್ಟಿನಿಂದ ಬರುವವರು ನಮ್ಮ ಬಾಗಿಲ ಮುಂದೆಯೇ ಹಾದು ಮೆಟ್ಟಿಲು ಹತ್ತುತ್ತಿದ್ದರು. ಹಿತ್ತಲನ್ನೂ ಕಟ್ಟಿಬಿಡೋಣ ಎಂದು ಅಪ್ಪ ಮಾತೆತ್ತಿದಾಗಲೆಲ್ಲ ತಾತನದು ಒಂದೇ ಉತ್ತರ: "ಮುಂದೆ ಏನ್ ಬೇಕಾದ್ರೂ ಕಟ್ಕಳಪ್ಪ, ಇಂದೆ ಬರಬ್ಯಾಡ." ಹಾಗಾಗಿ ಹಿತ್ತಲು ಉಳಿಯಿತು. ಒಂದು ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು, ಒರಳು, ಆಚೆ ಬದಿಗೆ ಕಾರ್ಖಾನೆಯ ಎತ್ತರದ ಗೋಡೆ. ನಡುವೆ ಒಲೆ. ಒಲೆಯೆಂದರೆ ಉದ್ದಕ್ಕೆ ಸೀಳಿದ ಕಬ್ಬಿಣದ ಪೀಪಾಯಿ. ಅಪ್ಪ ತಾನು ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನಲ್ಲಿ ಅದಕ್ಕೆ ಕಾಲು ವೆಲ್ಡ್ ಮಾಡಿಸಿಕೊಂಡು ಬಂದಿದ್ದ. ಮೇಲೆ ಹಾಸಲು ವಾಷರ್ ಹೊಡೆದು ಮಿಕ್ಕಿದ ತೂತುತೂತಿನ ದಪ್ಪ ತಗಡು. ಆ ತಗಡಿನ ಮೇಲೆ ಬೆಂದ ಬಾಡಿನ ಮೈತುಂಬ ದುಂಡು ದುಂಡು ಗುರುತು ಬೀಳುತ್ತಿತ್ತು. ಮಾಂಸ ಸುಟ್ಟರೆ ಎಲ್ಲರ ಮನೆಯಲ್ಲೂ ಹಾಗೆಯೇ ಇರುತ್ತದೆಂದು ನಾನು ಬಹಳ ಕಾಲ ನಂಬಿದ್ದೆ. ಈಗ ಮಹದೇವಪುರದ ಕಡೆ ಗೆಳೆಯರ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಬಾರ್ಬೆಕ್ಯೂ ಅಂತ ಕರೆದು ತಟ್ಟೆಗೆ ಹಾಕಿಕೊಡುವ ತುಂಡಿನ ಮೇಲೆ ಉದ್ದನೆಯ ಗೆರೆಗಳಿರುತ್ತವೆ. ಯಾರದೋ ಮನೆಗೆ ತಪ್ಪಿ ಬಂದವಳ ಹಾಗೆ ಅದನ್ನು ನೋಡುತ್ತಾ ಕೂರುತ್ತೇನೆ.

ಮನೆಯೊಳಗಿನ ಅಡುಗೆ ಅಮ್ಮನದು, ಹಿತ್ತಲಿನ ಅಡುಗೆ ತಾತನದು. ಕೆಂಡದ ಬಾಡನ್ನು ತಾತ ತನ್ನ ಅಪ್ಪನಿಂದ ಕಲಿತಿದ್ದ. ಇಡೀ ಈರುಳ್ಳಿ, ಬೆಳ್ಳುಳ್ಳಿ ಗಡ್ಡೆ, ಹಸಿಮೆಣಸಿನಕಾಯಿ ಕೆಂಡದಲ್ಲಿ ಹೂತು ಸುಡಬೇಕು. ಮೇಲಿನ ಕರಿ ಸಿಪ್ಪೆ ತೆಗೆದು, ಹುರಿದ ಕೊತ್ತಂಬರಿ ಬೀಜ, ಕಾಳುಮೆಣಸು, ಒಂದು ಹೋಳು ಒಣಕೊಬ್ಬರಿ ಸೇರಿಸಿ ಒರಳಿನಲ್ಲಿ ತರಿತರಿಯಾಗಿ ರುಬ್ಬಬೇಕು. ನುಣ್ಣಗೆ ರುಬ್ಬಿದರೆ ತಾತ ಬೈಯುತ್ತಿದ್ದ: "ಮಗೀಗೆ ತಿನ್ಸಕ್ಕಾ ಇದು?" ಬಾಡನ್ನು ಮಸಾಲೆಯ ಜೊತೆ ದೊಡ್ಡ ಬೋಸಿಯಲ್ಲಿ ಕಲಸಿಟ್ಟು, ಕೆಂಡ ಕೆಂಪಗಾಗಿ ಮೇಲೆ ಬೂದಿಯ ಪದರ ಕಟ್ಟುವ ತನಕ ಕಾಯಬೇಕು. ಉಪ್ಪು ಕೊನೆಗೆ. ಕಲ್ಲುಪ್ಪನ್ನು ನೀರಿನಲ್ಲಿ ಕದಡಿಟ್ಟುಕೊಂಡು, ತಗಡಿನ ಮೇಲೆ ಹರಡುವುದಕ್ಕೆ ಸ್ವಲ್ಪ ಮುಂಚೆ ಬೋಸಿಗೆ ಚಿಮುಕಿಸಿ ಕಲಸುವುದು. ಮುಂಚೆಯೇ ಹಾಕಿದರೆ ಬಾಡು ನೀರು ಬಿಟ್ಟು ಬಿರುಸಾಗುತ್ತದೆ ಅನ್ನುವುದು ತಾತನ ಲೆಕ್ಕ. ಭಾನುವಾರಗಳಲ್ಲಿ ಇದೇನು ದೊಡ್ಡ ವಿಷಯವಲ್ಲ. ಅಪ್ಪ ಒಂದು ತುಂಡು ಕಿತ್ತು ಬಾಯಿಗೆ ಹಾಕಿಕೊಂಡು "ಇನ್ನೊಂಚೂರು ಆಕು" ಅನ್ನುತ್ತಿದ್ದ, ಅಮ್ಮ "ಬ್ಯಾಡ ಮಾವ, ಸಾಕು" ಅನ್ನುತ್ತಿದ್ದಳು, ಇಬ್ಬರ ಜಗಳ ಮುಗಿಯುವುದರೊಳಗೆ ಅರ್ಧ ಬಾಡು ಖಾಲಿಯಾಗಿರುತ್ತಿತ್ತು.

ವರ್ಷಕ್ಕೊಂದು ದಿನ ಮಾತ್ರ ಈ ಜಗಳ ನಡೆಯುವಂತಿರಲಿಲ್ಲ. ಹಿರಿಯರ ಹಬ್ಬದ ದಿನ ಸತ್ತವರಿಗೆ ಎಡೆ ಇಡುತ್ತೇವೆ. ಅವರವರಿಗೆ ಏನು ಇಷ್ಟವಿತ್ತೋ ಅದನ್ನೇ ಮಾಡಿ, ಎಲೆಯ ತುಂಬ ಬಡಿಸಿ, ಫೋಟೋದ ಮುಂದಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುವುದು. ಒಳಗೆ ಅವರು ಉಣ್ಣುತ್ತಾರೆ. ಅವರು ಉಂಡಾದ ಮೇಲೆ ಬಾಗಿಲು ತಟ್ಟಿ, ತೆರೆದು, ನಾವು ಉಣ್ಣುವುದು. ಅಲ್ಲಿಯವರೆಗೆ ಎಡೆಯ ಅಡುಗೆಯನ್ನು ಯಾರೂ ನಾಲಿಗೆಗೆ ಇಡಬಾರದು, ಇಟ್ಟರೆ ಎಂಜಲು. ನಮ್ಮ ಮನೆಯ ಎಡೆ ಅಜ್ಜಿಯದು. ಅಪ್ಪ ಇನ್ನೂ ಶಾಲೆಯಲ್ಲಿದ್ದಾಗಲೇ ತೀರಿಕೊಂಡವಳು, ನನಗೆ ಅವಳು ಫೋಟೋದಲ್ಲಿ ಮಾತ್ರ ಗೊತ್ತು. ಕೆಂಡದ ಬಾಡೆಂದರೆ ಅವಳಿಗೆ ಪ್ರಾಣ. ಉಪ್ಪು ಕಮ್ಮಿಯಾದರೆ ಮಾತ್ರ ಎಲೆ ಬಿಟ್ಟು ಎದ್ದುಬಿಡುತ್ತಿದ್ದಳಂತೆ. ಮದುವೆಯಾದ ಹೊಸತರಲ್ಲಿ ಹಾಗೊಮ್ಮೆ ಎದ್ದು ಪಕ್ಕದ ಮನೆಗೆ ಹೋಗಿ ಮುದ್ದೆಗೆ ಉಪ್ಪು-ಹಸಿಮೆಣಸಿನಕಾಯಿ ನಂಚಿಕೊಂಡು ಉಂಡು ಬಂದಳಂತೆ. ಆ ಕತೆಯನ್ನು ತಾತ ಎಷ್ಟು ಸಲ ಹೇಳಿದ್ದನೋ.

"ಉಪ್ಪು ಕೇಳಿದ್ರೆ ನಾನು ಕೊಡ್ತಿರ್ನಿಲ್ವಾ ಅಂದೆ ಕಣವ್ವ. ಕೇಳಿ ಆಕಿಸ್ಕಂಡು ತಿನ್ನಂಗಿದ್ರೆ ನೀನ್ಯಾಕೆ ಬೇಯ್ಸಿದ್ದು ಅಂದ್ಬುಟ್ಲು."

ಹೇಳಿ ತಾತ ನಗುತ್ತಿದ್ದ. ಬದುಕಿದ್ದಾಗಲೇ ಕೇಳದವಳು ಸತ್ತ ಮೇಲೆ ಉಪ್ಪು ಕೇಳುವ ಹಾಗೂ ಇಲ್ಲವಲ್ಲ ಎಂಬ ಭಯ ಆ ನಗುವಿನ ಹಿಂದೆ ಇತ್ತು ಎಂದು ಈಗ ಹೇಳಬಲ್ಲೆ. ರುಚಿ ನೋಡದೆ ಉಪ್ಪು ಹಾಕಬೇಕು, ಅದೂ ಅವಳಿಗೆ ಸರಿಹೋಗುವಷ್ಟು. ಎಡೆಯ ದಿನ ತಾತ ಬೆಳಗಿನಿಂದ ಮಾತು ಕಮ್ಮಿ ಮಾಡುತ್ತಿದ್ದ. ಒಲೆಯ ಬಳಿ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು.

ನಾನು ಕೂರುತ್ತಿದ್ದದ್ದು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ತಾತ ಒಲೆಯ ಆಚೆ ಬದಿಗೆ, ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು. ಸಂಜೆ ಹೊತ್ತು ಗಾಳಿ ಆ ಕಡೆಗೇ ಬೀಸುತ್ತಿದ್ದುದರಿಂದ ಹೊಗೆಯೆಲ್ಲ ನೇರ ಅವನ ಮುಖಕ್ಕೆ. ಈ ಕಡೆ ಬಾ ತಾತ ಎಂದರೆ, "ವಾಸ್ನೆ ಇಡೀಬೇಕಲ್ಲವ್ವಾ, ಒಗೆ ಕಡೀಕೇ ಕೂರಬೇಕು" ಅನ್ನುತ್ತಿದ್ದ. ಬೋಸಿಗೆ ಒಂದಷ್ಟು ಉಪ್ಪುನೀರು ಚಿಮುಕಿಸಿ ಕಲಸಿ, ಒಂದು ಸಣ್ಣ ಚೂರನ್ನು ತಗಡಿನ ಮೂಲೆಯಲ್ಲಿ ಸುಟ್ಟು, ಊದಿ ಆರಿಸಿ, ನುಗ್ಗೆಸೊಪ್ಪಿನ ಕಡ್ಡಿಗೆ ಸಿಕ್ಕಿಸಿ ನನ್ನತ್ತ ಚಾಚುತ್ತಿದ್ದ.

"ತಿನ್ನು. ಮಕ್ಳಿಗೆ ಲೆಕ್ಕ ಇಲ್ಲ. ಮಕ್ಳು ತಿಂದ್ರೆ ಎಂಜ್ಲಾಗಕಿಲ್ಲ."

ನಾನು ತಿನ್ನುತ್ತಿದ್ದೆ. ಹೊಗೆಯ ಆಚೆಯಿಂದ ತಾತ ನನ್ನನ್ನು ನೋಡುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ರೆಪ್ಪೆ ಹೊಡೆಯದೆ ನೋಡುತ್ತಿದ್ದ. ನನ್ನನ್ನು ಯಾರೂ ಹಾಗೆ ನೋಡಿರಲಿಲ್ಲ. ಅಪ್ಪ ಓವರ್‌ಟೈಮು ಮುಗಿಸಿ ಬಂದು ಟೀವಿ ನೋಡುತ್ತಿದ್ದ, ಅಮ್ಮ ಬಾಡಿಗೆಯವರ ನೀರಿನ ತಕರಾರು ಕೇಳುತ್ತಾ ನನ್ನ ಜಡೆ ಹಾಕುತ್ತಿದ್ದಳು. ತಾತ ಮಾತ್ರ, ನಾನು ಒಂದು ಚೂರು ಬಾಡು ತಿನ್ನುವುದೇ ಲೋಕದಲ್ಲಿ ನಡೆಯುತ್ತಿರುವ ಏಕೈಕ ಕೆಲಸವೇನೋ ಎಂಬಂತೆ ನೋಡುತ್ತಿದ್ದ. ಆಮೇಲೆ ಮೂಗನ್ನು ಬೋಸಿಯ ಹತ್ತಿರ ಒಯ್ದು, ಗಟ್ಟಿಯಾಗಿ ವಾಸನೆ ಎಳೆದುಕೊಂಡು, ಇನ್ನಷ್ಟು ಉಪ್ಪುನೀರು ಹಾಕುತ್ತಿದ್ದ. ಒಮ್ಮೊಮ್ಮೆ ಹಾಕುತ್ತಿರಲಿಲ್ಲ. ಬಾಗಿಲು ತೆರೆದು ನಾವು ಉಣ್ಣಲು ಕೂತಾಗ ಉಪ್ಪು ಕೂದಲಷ್ಟೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ಚಂದಾಪುರದಿಂದ ಹಬ್ಬಕ್ಕೆ ಬರುತ್ತಿದ್ದ ಜಯಮ್ಮತ್ತೆ, ಅಂದರೆ ಅಪ್ಪನ ತಂಗಿ, ಪ್ರತಿ ವರ್ಷ ಬೆರಳು ನೆಕ್ಕುತ್ತಾ ಹೇಳುತ್ತಿದ್ದಳು: "ಮೂಗು ಅಂದ್ರೆ ನಮ್ಮಪ್ಪಂದು ಕಣ್ರೇ."

ನನಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ಶಾಲೆಯಲ್ಲಿ ಮೇಷ್ಟ್ರು ಉಪ್ಪು, ಸಕ್ಕರೆ, ಸೋಡಾಪುಡಿಯನ್ನು ಮೇಜಿನ ಮೇಲಿಟ್ಟು ಮೂಸಿ ನೋಡಿ ಎಂದಿದ್ದರು. ನಾನು ಮೂಸಿದ್ದೆ.

"ಉಪ್ಪಿಗೆ ವಾಸನೆ ಇಲ್ಲ ತಾತ."

"ಉಪ್ಪಿಗಿಲ್ಲ ಕಣವ್ವ. ಉಪ್ಪು ಬಿದ್ದ ಬಾಡಿಗೆ ಅದೆ."

"ಇದ್ರೆ ನನಗೂ ಬರಬೇಕು. ನನ್ನ ಮೂಗು ನಿನ್ನ ಮೂಗಿಗಿಂತ ಹೊಸದು."

"ಒಸ ಮೂಗಿಗೆ ನೆಗಡಿ ಒಂದೇ ಗೊತ್ತಾಗದು, ಲಾಯರಮ್ಮ."

ಲಾಯರಮ್ಮ ಅಂದು ಬಾಯಿ ಮುಚ್ಚಿಸಿದರೆ ಬಿಡುವವಳಲ್ಲ ನಾನು. ಒಂದು ಭಾನುವಾರ ಅಮ್ಮನ ಸಾರಿನಲ್ಲಿ ಎರಡು ಬಟ್ಟಲು ತೆಗೆದು, ಒಂದಕ್ಕೆ ಮಾತ್ರ ಉಪ್ಪು ಹಾಕಿ, ತಾತನ ಕಣ್ಣಿಗೆ ಟವೆಲ್ ಕಟ್ಟಿ ಮೂಗಿನ ಹತ್ತಿರ ಹಿಡಿದೆ. ಬಟ್ಟಲುಗಳನ್ನು ಅದಲುಬದಲು ಮಾಡಿ ಮತ್ತೆ ಮತ್ತೆ ಕೇಳಿದೆ. ತಾತ ಕೆಲವು ಸಲ ಸರಿ ಹೇಳಿದ, ಹಲವು ಸಲ ತಪ್ಪಿದ. ಕೊನೆಗೆ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಸೋತೆ ಕಣವ್ವ, ಬಿಟ್ಬುಡು" ಅಂದ. ನಾನು ಮನೆಯೆಲ್ಲ ಕುಣಿದಾಡಿದೆ. ಆ ವರ್ಷದ ಎಡೆಯಲ್ಲಿ ಉಪ್ಪು ಎಂದಿನಂತೆ ಸರಿಯಾಗಿಯೇ ಇತ್ತು. ಪರೀಕ್ಷೆಯಲ್ಲಿ ತಾತ ಸೋತಿದ್ದು ನಿಜ, ಎಡೆಯಲ್ಲಿ ತಪ್ಪದೇ ಇದ್ದದ್ದೂ ನಿಜ. ಎರಡೂ ನಿಜವಾಗಿದ್ದರೆ ಮೂರನೆಯದೊಂದು ಕಾರಣ ಇರಲೇಬೇಕು ಎಂದು ಇವತ್ತು ಯಾವ ಹುಡುಗಿಗಾದರೂ ಕಲಿಸಿಕೊಡುತ್ತೇನೆ. ಆಗ ನನಗೆ ಗೆದ್ದಿದ್ದೇ ಸಾಕಾಗಿತ್ತು.

ನಾನು ದೊಡ್ಡವಳಾದ ವರ್ಷ ಮನೆಯಲ್ಲಿ ಆರತಿ ಮಾಡಿದರು, ಜಯಮ್ಮತ್ತೆ ಹಸಿರು ರೇಷ್ಮೆ ಲಂಗ ತಂದಳು. ಅದರ ಬೆನ್ನಿಗೇ ಹಿರಿಯರ ಹಬ್ಬ ಬಂತು. ಎಂದಿನಂತೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತೆ. ತಾತ ಉಪ್ಪುನೀರು ಚಿಮುಕಿಸಿದ, ಕಲಸಿದ. ಮೂಲೆಯಲ್ಲಿ ಚೂರು ಸುಡಲಿಲ್ಲ. ಸ್ವಲ್ಪ ಹೊತ್ತು ಕಾದು ನಾನೇ ಕೇಳಿದೆ.

"ನನ್ನ ಚೂರೆಲ್ಲಿ?"

"ಈಗ ಕೊಡಂಗಿಲ್ಲ ಕಣವ್ವ. ಆಮ್ಯಾಕೆ ಎಲ್ರ ಜತೆ ಉಣ್ಣು."

"ಹೋದ ವರ್ಷ ಲೆಕ್ಕಕ್ಕೆ ಇರಲಿಲ್ಲ, ಈ ವರ್ಷ ಹೆಂಗೆ ಲೆಕ್ಕಕ್ಕೆ ಬಂದೆ? ನಾಲಿಗೆ ಅದೇ ಇದೆಯಲ್ಲ?"

"ಅದೇ ಅದೆ."

"ಮತ್ತೆ?"

ತಾತ ಬಗ್ಗಿ ಕೆಂಡ ಕೆದಕಿದ. ಒಳಗಿನಿಂದ ಅಮ್ಮ, "ಆ ಕಲ್ಲಿನ ಮೇಲಿಂದ ಏಳೇ, ಬಾ ಇಲ್ಲಿ, ಮಾವನ ಹತ್ರ ಏನದು ವಾದ" ಎಂದು ಕೂಗಿದಳು. ಎದ್ದು ಬಂದೆ. ನನ್ನೊಳಗಿನ ತಕರಾರಿನ ಹುಡುಗಿ ಹುಟ್ಟಿದ್ದು ಆ ಸಂಜೆ ಎಂದೇ ನನ್ನ ಖಚಿತ ಅಭಿಪ್ರಾಯ. ಒಂದು ನಿಯಮ ಯಾರ ಅನುಕೂಲಕ್ಕೆ ಸಡಿಲವಾಗುತ್ತದೆ, ಯಾರ ಮೈ ಬದಲಾದರೆ ಬಿಗಿಯಾಗುತ್ತದೆ ಎಂದು ಕೇಳುವುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಆಮೇಲೆ ಎಡೆಯನ್ನೇ ಪ್ರಶ್ನಿಸಿದೆ. ಫೋಟೋ ಉಣ್ಣುತ್ತದೆಯೇ, ಉಂಡರೆ ಎಲೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಯಾಕಿದೆ, ಹೀಗೆ. ಅಪ್ಪ ರೇಗುತ್ತಿದ್ದ, ಅಮ್ಮ ಬಾಯಿ ಮುಚ್ಚು ಅನ್ನುತ್ತಿದ್ದಳು. ತಾತ ಮಾತ್ರ, "ಕೇಳ್ಲಿ ಬುಡಿ" ಅನ್ನುತ್ತಿದ್ದ.

ಆ ವರ್ಷದಿಂದ ಎಡೆಯ ಬಾಡಿಗೆ ಉಪ್ಪು ಸಾಲುತ್ತಿರಲಿಲ್ಲ. ತೀರಾ ಸಪ್ಪೆಯಲ್ಲ, ಬಾಯಿಗೆ ಹಾಕಿಕೊಂಡವರು ಮಾತು ನಿಲ್ಲಿಸಿ, ಎಲೆಯ ತುದಿಯಲ್ಲಿ ಬಡಿಸಿದ ಉಪ್ಪನ್ನು ಯಾರಿಗೂ ಕಾಣದ ಹಾಗೆ ಬೆರಳಲ್ಲಿ ತೆಗೆದುಕೊಳ್ಳುವಷ್ಟು. ವಯಸ್ಸಾಯಿತು, ಮೂಗು ಮಂದವಾಗಿದೆ ಎಂದು ಜಯಮ್ಮತ್ತೆ ಅಮ್ಮನ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತ್ತು. ಭಾನುವಾರದ ಬಾಡಿನಲ್ಲಿ ಏನೂ ವ್ಯತ್ಯಾಸವಾಗಲಿಲ್ಲ, ಅಲ್ಲಿ ರುಚಿ ನೋಡಬಹುದಾಗಿತ್ತು. ನಾನು ಇದನ್ನು ನನ್ನ ಹಳೆಯ ವಾದಕ್ಕೆ ಹೊಸ ಸಾಕ್ಷಿಯೆಂದು ಎತ್ತಿ ಹಿಡಿದೆ. ನೋಡು ತಾತ, ಮೂಗಿನಿಂದ ಆಗುವ ಕೆಲಸವಲ್ಲ ಇದು, ಒಂದು ಚೂರು ತಿಂದು ನೋಡಿಬಿಡು, ಯಾರು ಕೇಳ್ತಾರೆ ಅಂದೆ.

"ನಿಮ್ಮಜ್ಜಿ ಕೇಳ್ತಾಳೆ."

"ಕೇಳಿದ್ರೆ ಒಳ್ಳೇದೇ ಆಯ್ತಲ್ಲ. ಉಪ್ಪು ಸಾಕಾ ಅಂತ ಅವಳನ್ನೇ ಕೇಳು."

ತಾತ ನಕ್ಕ. ಆದರೆ ಬಾಗಿಲು ತೆರೆದ ತಕ್ಷಣ ಮೊದಲು ಒಳಗೆ ಹೋಗಿ ಎಲೆ ನೋಡುತ್ತಿದ್ದವನು ಅವನು. ಎಡೆ ಕದಡಿದೆಯೇ, ಒಂದು ತುಂಡಾದರೂ ಜಾಗ ಬಿಟ್ಟು ಸರಿದಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಮುಂಚೆಲ್ಲ ಎದ್ದು ನಿಂತು, "ಉಂಡವ್ಳೆ" ಅನ್ನುತ್ತಿದ್ದ. ಆ ವರ್ಷಗಳಲ್ಲಿ ಏನೂ ಅನ್ನದೆ ಎಲೆಯನ್ನು ಎತ್ತಿ ನಮ್ಮ ಕಡೆ ಕೊಡುತ್ತಿದ್ದ.

ಈಚಿನ ಒಂದು ಬೇಸಿಗೆಯಲ್ಲಿ ತಾತ ತೀರಿಕೊಂಡ. ಉಸಿರಾಟದ ತೊಂದರೆಯಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಹೊಗೆ ಬೇಡ ಅಂದಾಗ, ಬೀಡಿ ಬಿಟ್ಟೆ ಸಾಮಿ ಅಂದನಂತೆ, ಒಲೆಯ ವಿಷಯ ಎತ್ತಲಿಲ್ಲವಂತೆ. ಮೊದಲ ಎಡೆಗೆ ಅಜ್ಜಿಯ ಫೋಟೋದ ಪಕ್ಕ ತಾತನ ಫೋಟೋ ಇಟ್ಟರು. ಇಬ್ಬರಿಗೂ ಬೇರೆ ಬೇರೆ ಎಲೆ, ಎರಡಕ್ಕೂ ಕೆಂಡದ ಬಾಡು. ಮಸಾಲೆ ಅಮ್ಮ ರುಬ್ಬಿದಳು, ತರಿತರಿಯಾಗಿಯೇ. ಕೆಂಡದ ಮುಂದೆ ಅಪ್ಪ ಕೂತ. ಹೊಗೆ ಕಣ್ಣಿಗೆ ಹೊಡೆಯುತ್ತದೆಂದು ಸ್ಟೂಲನ್ನು ಈ ಬದಿಗೆ ಎಳೆದುಕೊಂಡ. ನಾನು ಈರುಳ್ಳಿ ಸುಲಿದುಕೊಟ್ಟೆ, ಧೂಪಕ್ಕೆ ಕೆಂಡ ಒಯ್ದೆ. ಎಡೆಯನ್ನು ನಂಬದವಳು ಯಾಕೆ ಮಾಡಿದೆ ಎಂದರೆ, ತಾತನ ಬಾಡು ಹಾಳಾಗಬಾರದು ಎನ್ನುವುದು ನಂಬಿಕೆಯ ಪ್ರಶ್ನೆಯಲ್ಲ. ಆ ಮನೆಯಲ್ಲಿ ಆ ದಿನ ನಮಗೆಲ್ಲ ಬೇಕಾಗಿದ್ದದ್ದು ಅದೊಂದೇ: ಅವನ ಎಲೆಯ ಮೇಲೆ ಅವನ ಬಾಡು, ಅವನು ಮಾಡಿದ ಹಾಗೇ.

ಬಾಗಿಲು ಮುಚ್ಚಿದರು, ಕಾದರು, ತೆರೆದರು. ಉಣ್ಣಲು ಕೂತೆವು. ಮೊದಲ ತುತ್ತಿಗೆ ಎಲ್ಲರ ಕೈ ನಿಂತಿತು. ಕಡಲನ್ನೇ ಬಾಯಿಗೆ ಹಾಕಿಕೊಂಡ ಹಾಗಿತ್ತು. ಅಪ್ಪ ಕಷ್ಟಪಟ್ಟು ನುಂಗಿ ಇನ್ನೊಂದು ತುಂಡು ತೆಗೆದುಕೊಂಡ. ಜಯಮ್ಮತ್ತೆಯೇ ಮೊದಲು ತಡೆಯಲಾರದೆ ಕೇಳಿದಳು.

"ಅಣ್ಣ, ಉಪ್ಪೆಷ್ಟು ಆಕ್ದೆ?"

"ಅಪ್ಪ ಆಕ್ತಿದ್ದಷ್ಟೇ ಆಕ್ದೆ ಕಣಮ್ಮ."

"ನಾನೂ ಒಂದಷ್ಟು ಆಕುದ್ನಲ್ಲ. ನೀನು ಮರ್ತಿರ್ತೀಯ ಅಂತ, ನೀನು ಬೀಡಾ ತರಕ್ಕೆ ಓದಾಗ."

ಅಮ್ಮ ತಟ್ಟೆಯನ್ನೇ ನೋಡುತ್ತಾ ಮೆಲ್ಲಗೆ ಅಂದಳು: "ಇವ್ರು ಕಮ್ಮಿ ಹಾಕಿರ್ತಾರೆ ಅಂತ ನಾನು ಕೊನೇಲಿ ಇನ್ನೊಂದು ಲೋಟ ಸುರಿದೆ. ಹೋದ ವರ್ಷಗಳಲ್ಲೆಲ್ಲ ಕಮ್ಮಿ ಆಗ್ತಿತ್ತಲ್ಲ."

ನಾಲಿಗೆಗೆ ಇಡುವಂತಿಲ್ಲ, ಯಾರನ್ನೂ ಕೇಳಲಿಲ್ಲ, ಮೂವರೂ ಒಬ್ಬರಿಗೊಬ್ಬರು ತಿಳಿಯದಂತೆ ಬಂದು ಸುರಿದು ಹೋಗಿದ್ದರು. ಜಯಮ್ಮತ್ತೆಗೆ ನಗು ಬಂತು. "ಅವ್ವಂಗೆ ಈ ವರ್ಸ ಖುಸಿಯಾಗಿರ್ತದೆ ಬುಡು. ಅಪ್ಪ ಮಾತ್ರ ಎದ್ದೋಗಿರ್ತಾನೆ ಪಕ್ಕದ ಮನೆಗೆ" ಅಂದಳು. ಅಪ್ಪನೂ ನಕ್ಕ. ನಗುತ್ತಾ ನಗುತ್ತಾ ಎಡಗೈಯಿಂದ ಕಣ್ಣು ಒರೆಸಿಕೊಂಡ, ಆಮೇಲೆ ನಗು ನಿಂತರೂ ಒರೆಸಿಕೊಳ್ಳುತ್ತಲೇ ಇದ್ದ.

"ಅಪ್ಪ ಇದ್ದಿದ್ರೆ ವಾಸನೇಲೇ ಹೇಳ್ಬಿಡ್ತಿದ್ದ" ಅಂದ. "ಎಷ್ಟು ವರ್ಷ ಮಾಡ್ದ, ಒಂದಿನ ನಾಲಿಗೆಗೆ ಇಟ್ಟೋನಲ್ಲ."

ಆಗ ನನಗೆ ಅರ್ಥವಾಯಿತು. ತಾತನ ಉಪ್ಪು ತಪ್ಪತೊಡಗಿದ್ದು ಅವನ ಮೂಗು ಮಂದವಾದಾಗ ಅಲ್ಲ, ನಾನು ಕಲ್ಲಿನ ಮೇಲಿಂದ ಎದ್ದು ಬಂದಾಗ. ಆ ಚೂರು ಬಾಡು ನನಗೆ ಕೊಟ್ಟ ಮುದ್ದಿನ ತುತ್ತು ಮಾತ್ರ ಆಗಿರಲಿಲ್ಲ. ನಾನು ಅಗಿಯುವಾಗ ಹುಬ್ಬು ಗಂಟಿಕ್ಕಿದರೆ ಅಷ್ಟಕ್ಕೇ ನಿಲ್ಲಿಸುತ್ತಿದ್ದ, ಮುಖದಲ್ಲಿ ಏನೂ ಆಗದಿದ್ದರೆ ಇನ್ನಷ್ಟು ಹಾಕುತ್ತಿದ್ದ. ಎಂಜಲಾಗದ ನಾಲಿಗೆ ಆ ಮನೆಯಲ್ಲಿ ನನ್ನದೊಂದೇ ಇತ್ತು. ಅದೂ ಲೆಕ್ಕಕ್ಕೆ ಬಂದ ಮೇಲೆ ತಾತನಿಗೆ ಯಾವ ನಾಲಿಗೆಯೂ ಉಳಿಯಲಿಲ್ಲ. ಜಾಸ್ತಿಯಾದರೆ ತೆಗೆಯಲಾಗದು, ಹಾಗಾಗಿ ಹೆದರಿ ಕಮ್ಮಿ ಹಾಕಿದ. ನಿಯಮವನ್ನು ಮುರಿಯಲೂ ಇಲ್ಲ, ಯಾಕೆ ತಪ್ಪುತ್ತಿದೆಯೆಂದು ನಮಗೆ ಹೇಳಲೂ ಇಲ್ಲ. ಹಾಗಾದರೆ ಆ ನೋಟ? ಅದು ಬರೀ ಉಪ್ಪಿನ ಅಳತೆಯಾಗಿತ್ತೇ? ಈ ಪ್ರಶ್ನೆಗೆ ಎರಡೂ ಕಡೆಯಿಂದ ವಾದಿಸಬಲ್ಲೆ, ವಾದಿಸಿ ನೋಡಿದ್ದೇನೆ. ತೀರ್ಪು ಕೊಡಬೇಕಾದವನು ಮಾತ್ರ ಫೋಟೋದಲ್ಲಿದ್ದಾನೆ.

ಅಪ್ಪನಿಗೆ ಇದನ್ನೆಲ್ಲ ಸಾಧಿಸಿ ತೋರಿಸಬಹುದಾಗಿತ್ತು. ಮೂಗಿನ ಕತೆ ಮುಗಿಯುತ್ತಿತ್ತು. ಬಾಯಿ ತೆರೆದೆ ಕೂಡ.

"ಏನೋ ಹೇಳಕ್ಕೆ ಬಂದೆ?" ಅಪ್ಪ ಕೇಳಿದ.

"ಏನಿಲ್ಲ. ನೀರಿನ ಚೊಂಬು ಈ ಕಡೆ ಕೊಡು."

ಊಟವಾದ ಮೇಲೆ ಹಿತ್ತಲಿಗೆ ಹೋದೆ. ಒಲೆಯಲ್ಲಿ ಇನ್ನೂ ಕೆಂಡವಿತ್ತು. ಮೊದಲು ಆಚೆ ಬದಿಗೆ, ಗೋಡೆಗೆ ಬೆನ್ನು ಕೊಟ್ಟು, ತಾತ ಕೂರುತ್ತಿದ್ದ ಜಾಗದಲ್ಲಿ ಕೂತು ನೋಡಿದೆ. ಹೊಗೆ ಕಣ್ಣಿಗೆ ನುಗ್ಗಿತು. ಅಲ್ಲಿಂದ ಕೆಂಡದ ಬೆಳಕು ನೇರವಾಗಿ ಬೀಳುವುದು ಒಗೆಯುವ ಕಲ್ಲಿನ ಮೇಲೆ. ಅಲ್ಲಿ ಯಾರಾದರೂ ಕೂತರೆ ಅವರ ಹುಬ್ಬಿನ ಕೂದಲೂ ಕಾಣುತ್ತದೆ. ಕೊನೆಯ ವರ್ಷಗಳಲ್ಲೂ ತಾತ ಜಾಗ ಬದಲಿಸಿರಲಿಲ್ಲ. ಉಪ್ಪುನೀರಿನ ಲೋಟ ಕೈಯಲ್ಲಿ ಹಿಡಿದು, ಚಿಮುಕಿಸುವ ಮುಂಚೆ ಒಂದು ಕ್ಷಣ ಆ ಖಾಲಿ ಕಲ್ಲನ್ನು ನೋಡುತ್ತಿದ್ದ. ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಿದ್ದಾನೆಂದು ನಾನು ಅಡುಗೆಮನೆಯ ಕಿಟಕಿಯಿಂದ ಅಂದುಕೊಳ್ಳುತ್ತಿದ್ದೆ.

ಎದ್ದು ಬಂದು ಕಲ್ಲಿನ ಮೇಲೆ ಕೂತೆ. ತಗಡಿಗೆ ಕಚ್ಚಿಕೊಂಡಿದ್ದ ಒಂದು ಚೂರನ್ನು ಉಗುರಿನಿಂದ ಕಿತ್ತು, ಊದಿ, ಬಾಯಿಗೆ ಹಾಕಿಕೊಂಡೆ. ಅದೇ ಉಪ್ಪು. ಮುಖ ತಾನಾಗಿಯೇ ಕಿವುಚಿತು. ಹಾಗೇ ಕಿವುಚಿಕೊಂಡೇ, ಅಗಿಯುತ್ತಾ, ಹೊಗೆಯ ಆಚೆ ಗೋಡೆಯ ಕಡೆಗೆ ನೋಡುತ್ತಾ ಬಹಳ ಹೊತ್ತು ಕೂತಿದ್ದೆ, ನುಂಗದೆ.